ಹನ್ನೆರಡನೇ ದಿನದ ಮೀನು

ಆ ಪ್ರಯೋಗಶಾಲೆಯಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರಿಗೂ ಅವಳು ಮೂಗಿನಕ್ಕ. ಆಹಾರ ಕಟ್ಟುವ ಪೊಟ್ಟಣಗಳನ್ನು ಪರೀಕ್ಷಿಸುವ ಜಾಗ ಅದು. ಹಾಲು, ಮಾಂಸ, ಮೀನು, ಬ್ರೆಡ್ಡು ಕೆಟ್ಟಿದೆಯೋ ಇಲ್ಲವೋ ಎಂದು ಮೂಸಿ ಹೇಳುವುದೇ ಹದಿನೆಂಟು ವರ್ಷದಿಂದ ಅವಳ ಕೆಲಸ. ಯಂತ್ರ ಎರಡು ದಿನ ತಿಣುಕಿ ಕೊಡುವ ಉತ್ತರವನ್ನು ಅವಳು ಮುಚ್ಚಳ ತೆಗೆದ ಕೂಡಲೇ ಕೊಟ್ಟುಬಿಡುತ್ತಿದ್ದಳು. ಅವಳೆದುರು ನಿಂತು ಸ್ನಾನ ಮಾಡಿಯೇ ಬಂದೆ ಅಂತ ಸುಳ್ಳು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ, ಬಿಡಿ.

ಅಂಥ ಮೂಗು ಆರು ತಿಂಗಳ ಹಿಂದೆ ಸತ್ತುಹೋಯಿತು. ಒಂದು ವಾರ ಕಾಡಿದ ಜ್ವರ ಹೋಗುವಾಗ ವಾಸನೆಯನ್ನೂ ಹೊತ್ತುಕೊಂಡು ಹೋಯಿತು. ಕಾಫಿ ಬರೀ ಬಿಸಿನೀರಾಯಿತು. ಇವತ್ತು ಬಂದೀತು, ನಾಳೆ ಬಂದೀತು ಎಂದು ಕಾದಳು. ಎಲ್ಲಿ ಬರಬೇಕು! ಯಾರಿಗಾದರೂ ಹೇಳಬೇಕಿತ್ತು. ಹೇಳಿದರೆ ಮೂಸುವ ಕೋಣೆಯಿಂದ ಎತ್ತಿ ಗಾಜಿನ ತಟ್ಟೆ ತೊಳೆಯುವ ಕಡೆ ಹಾಕುತ್ತಾರೆ. ತಟ್ಟೆ ತೊಳೆಯುವುದು ಕೀಳು ಅಂತಲ್ಲ. ಆದರೆ ಮೂಗು ಬಿಟ್ಟರೆ ತನ್ನ ಹತ್ತಿರ ಇನ್ನೇನಿದೆ? ಓದು ಅರ್ಧಕ್ಕೆ ನಿಂತಿತ್ತು, ಮದುವೆ ಮುರಿದುಬಿದ್ದಿತ್ತು. ನಾಲ್ಕು ಜನ ಅವಳಿಗೆ ಮರ್ಯಾದೆ ಕೊಡುತ್ತಿದ್ದುದು ಆ ಒಂದು ಮೂಗಿಗೆ. ಅದಕ್ಕೇ ಬಾಯಿಗೆ ಬೀಗ ಹಾಕಿಕೊಂಡಳು. ಹೆತ್ತ ತಾಯಿಗೂ ಹೇಳಲಿಲ್ಲ.

ಕಣ್ಣು, ಬೆರಳು ಇದ್ದವಲ್ಲ. ಕೆಟ್ಟ ಮೀನು ಲೋಳೆ ಬಿಡುತ್ತದೆ, ತಟ್ಟೆಯ ತಳದಲ್ಲಿ ಮಬ್ಬು ನೀರು ನಿಲ್ಲುತ್ತದೆ, ಒತ್ತಿದರೆ ಬಿದ್ದ ಗುಳಿ ಮೇಲೇಳುವುದಿಲ್ಲ. ಇಷ್ಟು ನೋಡಿಕೊಂಡು, ಸುಮ್ಮನೆ ಮೂಗು ಅರಳಿಸಿ, ಅಂಕ ಬರೆದುಬಿಡುತ್ತಿದ್ದಳು. ಆರು ತಿಂಗಳಲ್ಲಿ ಒಂದೂ ತಪ್ಪಲಿಲ್ಲ. ತಪ್ಪದೆ ಇದ್ದದ್ದೇ ಕೆಟ್ಟದಾಯಿತು ನೋಡಿ, ಅವಳಿಗೆ ಧೈರ್ಯ ಬಂದುಬಿಟ್ಟಿತು.

ಆಗ ಬಂತು ಹೊಸ ಹಾಳೆ. ಅದನ್ನು ಮಾಡಿದ ವಿಜ್ಞಾನಿಯನ್ನು ಎಲ್ಲರೂ ಹಾಳೆ ಡಾಕ್ಟ್ರು ಅನ್ನುತ್ತಿದ್ದರು. ಪಿಷ್ಟ, ಸೀಗಡಿ ಚಿಪ್ಪಿನಿಂದ ತೆಗೆದ ಅಂಟು, ಲವಂಗದೆಣ್ಣೆ ಮೂರನ್ನೂ ಕಲಸಿ, ಗಾಜಿನ ಮೇಲೆ ಸುರಿದು ಒಣಗಿಸಿ, ಈರುಳ್ಳಿಯ ಪೊರೆಯಷ್ಟು ತೆಳ್ಳಗೆ ಎಬ್ಬಿಸುತ್ತಿದ್ದರು. ಆಹಾರಕ್ಕೆ ಸುತ್ತಿದರೆ ಅದು ಕೆಡಬಾರದು, ಬಿಸಾಡಿದರೆ ಹಾಳೆ ತಾನಾಗಿ ಮಣ್ಣಾಗಿ ಹೋಗಬೇಕು. "ಪ್ಲಾಸ್ಟಿಕ್ಕನ್ನ ಮಣ್ಣು ಮಾಡಿ ಬರ್ತೀನಿ, ನೋಡ್ತಿರಿ," ಎಂದು ಡಾಕ್ಟ್ರು ಓಡಾಡುತ್ತಿದ್ದರು.

ಹಾಳೆ ಸುತ್ತಿಟ್ಟ ಹನ್ನೆರಡನೇ ದಿನ ಮೀನಿನ ತಟ್ಟೆಗಳು ತಣ್ಣನೆ ಪೆಟ್ಟಿಗೆಯಿಂದ ಹೊರಬಂದವು. ಐವರು ಮೂಸುವವರು ಒಬ್ಬೊಬ್ಬರಾಗಿ ಮೂಸಿ ಅಂಕ ಬರೆದರು. ಮೂಗಿನಕ್ಕನ ಕಣ್ಣಿಗೆ ಮೀನು ಈಗಷ್ಟೇ ನೀರಿಂದ ತೆಗೆದ ಹಾಗೆ ಕಂಡಿತು. ಲೋಳೆಯಿಲ್ಲ, ನೀರಿಲ್ಲ, ಮೈ ಗಟ್ಟಿಯಾಗಿದೆ. ಹಾಳೆ ಮೀನಿನ ಮೈಯನ್ನು ಕಾಯ್ದಿತ್ತು, ಒಳಗನ್ನು ಕಾಯ್ದಿರಲಿಲ್ಲ. ಅದು ಗೊತ್ತಾಗುವುದು ಮೂಗಿಗೆ ಮಾತ್ರ. ಅವಳು ಹತ್ತಕ್ಕೆ ಒಂಬತ್ತು ಬರೆದಳು.

ಆಮೇಲೆ ಎಲ್ಲರೂ ಮೇಜಿನ ಸುತ್ತ ಕೂತರು. "ನಂಗ್ಯಾಕೋ ಒಂಥರಾ ಅನ್ನಿಸ್ತು," ಎಂದಳು ಹೊಸದಾಗಿ ಸೇರಿದ ಹುಡುಗಿ. ಇನ್ನಿಬ್ಬರೂ ಹೌದೆಂದು ತಲೆಯಾಡಿಸಿದರು.

"ಲವಂಗದ ಘಾಟು ಅದು. ಮೂಸಿ ಮೂಸಿ ಅಭ್ಯಾಸ ಆಗ್ಬೇಕು ಕಣಮ್ಮ," ಎಂದಳು ಮೂಗಿನಕ್ಕ.

ಅಷ್ಟೇ. ಮೂವರೂ ತಮ್ಮ ಅಂಕ ತಿದ್ದಿಕೊಂಡರು. ಯಂತ್ರದ ಉತ್ತರ ನಾಡಿದ್ದು ಬರಬೇಕಿತ್ತು, ಆದರೆ ಅಕ್ಕ ಹೇಳಿದ ಮೇಲೆ ಕಾಯುವವರ್ಯಾರು? ಅಲ್ಲಿ ಒಂದು ಪದ್ಧತಿಯಿತ್ತು. ಪಾಸಾದದ್ದನ್ನು ಚೆಲ್ಲುವ ಹಾಗಿಲ್ಲ, ಹಂಚಿಕೊಂಡು ಮನೆಗೆ ಒಯ್ಯಬೇಕು. ನಾವೇ ತಿನ್ನದ್ದನ್ನು ಜನರ ಬಾಯಿಗೆ ಹಾಕಬಾರದು ಎಂದು ಹಿಂದಿನ ಮುಖ್ಯಸ್ಥರು ಶುರುಮಾಡಿದ್ದು. ಗೇಟಿನ ವಾಚ್‌ಮನ್‌ಗೂ ಎರಡು ತುಂಡು ಹೋಯಿತು. ಅವನ ಹೆಂಡತಿಗೆ ಹೊಟ್ಟೆಯ ಆಪರೇಶನ್ ಆಗಿ ಹತ್ತು ದಿನವಾಗಿತ್ತಷ್ಟೆ. "ಶಕ್ತಿ ಬರ್ಲಿ, ಅವಳಿಗೆ ಮಾಡಿ ಹಾಕು," ಎಂದು ಕಟ್ಟಿಕೊಟ್ಟವಳು ಮೂಗಿನಕ್ಕನೇ.

ಸಂಜೆ ಮನೆಗೆ ಬಂದು ಅವಳಿನ್ನೂ ಚೀಲ ಬಿಚ್ಚುತ್ತಿದ್ದಳು. ಒಳಕೋಣೆಯಿಂದ ಅಮ್ಮ ಕೂಗಿದಳು. "ಏನೇ ಅದು, ಕೊಳೆತ ನಾತ! ಹೊರಗೆ ಬಿಸಾಕೇ!"

"ಲವಂಗದ್ದಮ್ಮ."

"ನಂಗೆ ಕಣ್ಣು ಮಂಜಾಗಿರೋದು ಕಣೇ, ಮೂಗಲ್ಲ. ನಿನಗೇನು ಬಂದಿದೆ ರೋಗ?"

ಮೂಗಿನಕ್ಕ ಅಲ್ಲೇ ನಿಂತು ಮೀನು ಒಯ್ದ ಒಬ್ಬೊಬ್ಬರಿಗೂ ಫೋನು ಮಾಡಿದಳು. ತಟ್ಟೆ ಅದಲುಬದಲಾಗಿದೆ, ತಿನ್ನಬೇಡಿ ಅಂದಳು. ನಿಜ ನಾಲಿಗೆ ತುದಿಗೂ ಬರಲಿಲ್ಲ. ದೇವರ ದಯೆ, ಯಾರೂ ತಿಂದಿರಲಿಲ್ಲ. ಹಾಳೆ ಡಾಕ್ಟ್ರ ಮನೆಯಲ್ಲೂ ವಾಸನೆ ತಡೆಯಲಾರದೆ ಎಸೆದಿದ್ದರಂತೆ. ವಾಚ್‌ಮನ್ ಒಬ್ಬ ಮಾತ್ರ ಫೋನು ಎತ್ತಲಿಲ್ಲ. ಏಳು ಸಲ ಮಾಡಿದಳು. ಅವನ ಮನೆ ಎಲ್ಲಿ ಎಂದು ಡಾಕ್ಟ್ರನ್ನು ಕೇಳಬಹುದಿತ್ತು. ಕೇಳಿದರೆ ಇಷ್ಟು ಆತುರ ಯಾಕೆ ಅನ್ನುತ್ತಾರೆ, ಒಂದಕ್ಕೆ ಹತ್ತು ಪ್ರಶ್ನೆ ಹುಟ್ಟುತ್ತವೆ. ಎಲ್ಲರೂ ಎಸೆದಿದ್ದಾರೆ, ಅವನೂ ಎಸೆದಿರುತ್ತಾನೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಕೂತಳು. ಆ ಕೂತದ್ದನ್ನು ಅವಳು ಮುಂದೆಂದೂ ತನಗೆ ಕ್ಷಮಿಸಿಕೊಳ್ಳಲಿಲ್ಲ.

ಬೆಳಗ್ಗೆ ಗೇಟಿನಲ್ಲಿ ಬೇರೆಯವನಿದ್ದ. "ಅವನು ಆಸ್ಪತ್ರೇಲಿದಾನೆ ಅಕ್ಕ. ಹೆಂಡ್ತಿಗೆ ಸೀರಿಯಸ್ಸಂತೆ," ಅಂದ.

ಐಸಿಯು ಬಾಗಿಲ ಹೊರಗೆ, ಬೆಂಚಿನ ಮೇಲೆ ವಾಚ್‌ಮನ್ ಕೂತಿದ್ದ. ಯೂನಿಫಾರಮ್ಮಿನ ಪ್ಯಾಂಟು, ಕಾಲಲ್ಲಿ ಬಚ್ಚಲ ಚಪ್ಪಲಿ. ಅವಳನ್ನು ಕಂಡವನೇ ಎದ್ದು ಜಾಗ ಬಿಟ್ಟ.

"ನೀವ್ಯಾಕಕ್ಕ ಬರೋಕ್ಕೆ ಹೋದ್ರಿ? ಕೂತ್ಕೊಳಿ. ಬಿಪಿ ಮೇಲೇಳ್ತಾನೇ ಇಲ್ಲ ಅಂತಾರೆ. ಹೊಲಿಗೆ ಬೇರೆ ಬಿಟ್ಕೊಂಡಿದೆಯಂತೆ, ವಾಂತಿ ಮಾಡಿ ಮಾಡಿ."

ಅವಳು ಬೆಂಚಿನ ತುದಿಗೆ ಕೂತಳು. ಅವನೇ ಮುಂದುವರಿಸಿದ.

"ಅವಳು ಬೇಡ ಅಂದ್ಲು ಅಕ್ಕ. ವಾಸನೆ ಬರ್ತಿದೆ ಅಂತ ತಟ್ಟೆ ತಳ್ಳಿದ್ಲು. ನಾನೇ ಬೈದೆ. ಅಕ್ಕ ಮೂಸಿ ಕೊಟ್ಟಿರೋದು, ಅವರಿಗಿಂತ ನಿಂಗೆ ಜಾಸ್ತಿ ಗೊತ್ತಾ, ಬಾಯಿ ಮುಚ್ಕೊಂಡು ತಿನ್ನು ಅಂತ. ಎರಡೂ ತುಂಡು ಅವಳಿಗೇ ಹಾಕಿದೆ." ಮುಖ ಒರೆಸಿಕೊಂಡ. "ನಾನೇ ಸರಿಯಾಗಿ ಬೇಯಿಸ್ಲಿಲ್ಲ ಅನ್ಸುತ್ತೆ. ಕೈಯಾರೆ ಹಾಳು ಮಾಡ್ಬಿಟ್ಟೆ."

ಹೌದೇನೋ ಅಂದುಬಿಟ್ಟಿದ್ದರೆ ಸಾಕಿತ್ತು. ಅವಳು ಬಚಾವಾಗುತ್ತಿದ್ದಳು, ಅವನು ಬದುಕಿಡೀ ತನ್ನ ಒಲೆಯನ್ನೇ ಶಪಿಸುತ್ತಿದ್ದ. ಆ ಮಾತು ಬಾಯಿಯವರೆಗೂ ಬಂದಿತ್ತು ಅನ್ನುವುದೂ ನಿಜ. ಅವನ ಮುಖ ನೋಡಿದಳು.

"ನೀನು ಬೇಯಿಸಿದ್ದು ಸರಿಯಾಗೇ ಇತ್ತಪ್ಪ. ಮೀನೇ ಕೆಟ್ಟಿತ್ತು. ನಂಗೆ ಆರು ತಿಂಗಳಿಂದ ವಾಸನೆ ಬರಲ್ಲ. ಒಂಚೂರೂ ಬರಲ್ಲ. ಯಾರಿಗೂ ಹೇಳಿಲ್ಲ."

ಅವನು ತಲೆಯೆತ್ತಿದ. "ಮತ್ತೆ ಆ ಮೀನನ್ನ ಮೂಸಿ ನೋಡಿದ್ಯಾರಕ್ಕ?"

"ನಿನ್ನ ಹೆಂಡ್ತಿ," ಅಂದಳು.

ಅವನು ಬೆಂಚಿನಿಂದ ದೂರ ಹೋಗಿ, ಮುಚ್ಚಿದ ಬಾಗಿಲಿಗೆ ಹಣೆ ಕೊಟ್ಟು ನಿಂತ.