ನಿಪ್ಪಾಣಿಯ ಅಕ್ಕ

ಅಥಣಿಯ ಕಾಲೇಜಿನಿಂದ ಟಿ.ಸಿ. ತೆಗೆಸಿಕೊಂಡು ಜಿನಮತಿ ನಿಪ್ಪಾಣಿಗೆ ಬಂದದ್ದು ಎಂಬತ್ತೇಳರ ದೀಪಾವಳಿ ರಜೆ ಮುಗಿದ ಮೇಲೆ. ಜೈನ ಹುಡುಗಿಯರ ಬೋರ್ಡಿಂಗು ಎರಡೂ ಊರಲ್ಲಿತ್ತು. ಎರಡಕ್ಕೂ ಒಂದೇ ಟ್ರಸ್ಟು, ಒಂದೇ ಪದ್ಧತಿ. ಹೊತ್ತು ಮುಳುಗುವ ಮುಂಚೆ ಊಟ, ಆಮೇಲೆ ಹನಿ ನೀರೂ ಇಲ್ಲ. ಹೊಸಬಳನ್ನು ಹಳೆಯ ಹುಡುಗಿಯೊಬ್ಬಳು ಪಂಕ್ತಿಯಲ್ಲಿ ಪಕ್ಕಕ್ಕೆ ಕರೆದು ಕೂರಿಸಿಕೊಂಡರೆ ಅವಳು ಅಕ್ಕ, ಇವಳು ತಂಗಿ. ಯಾರೂ ಕರೆಯದಿದ್ದರೆ ಗಂಟುಮೂಟೆ ಕಟ್ಟಬೇಕು. ಜಿನಮತಿಯ ಅಪ್ಪ ತವನಪ್ಪ ಐನಾಪುರದಲ್ಲಿ ವರನನ್ನೂ ನೋಡಿಟ್ಟಿದ್ದ. "ಅಲ್ಲೂ ಬ್ಯಾಡಂದ್ರ ಸೀದಾ ಮನಿಗೆ ಬಾ, ಕಲತದ್ದು ಸಾಕು" ಎಂದೇ ಬಸ್ ಹತ್ತಿಸಿದ್ದ.

ಅಥಣಿಯಲ್ಲಿ ಹಾಗೆ ಅವಳನ್ನು ಕರೆದು ಕೂರಿಸಿಕೊಂಡ ಅಕ್ಕ ಮಂಗಲ. ಭಾದ್ರಪದದ ಹತ್ತು ದಿನದ ಪರ್ವದಲ್ಲಿ ಮಂಗಲ ಉಪವಾಸ ಹಿಡಿದಳು. ಹಗಲಲ್ಲಿ ಒಮ್ಮೆ ನೀರು, ಅಷ್ಟೇ. "ನಾ ಎಷ್ಟರ ಬೇಡ್ಲಿ, ಹೊತ್ತು ಮುಳುಗಿದ ಮ್ಯಾಲ ನೀರು ಕೊಡಬ್ಯಾಡ" ಎಂದು ತಂಗಿಯಿಂದ ಆಣೆ ಮಾಡಿಸಿಕೊಂಡಳು. ನಡುವೆ ಜ್ವರ ಬಂತು. ಕತ್ತಲಾದ ಮೇಲೆ ನೀರು ಕೇಳಿದಳು, ಕೈ ಹಿಡಿದು ಕೇಳಿದಳು. ಜಿನಮತಿ ಅಳುತ್ತ ಕೂತಳೇ ಹೊರತು ಕೊಡ ಮುಟ್ಟಲಿಲ್ಲ, ಯಾರನ್ನೂ ಕೂಗಲಿಲ್ಲ. ಬೆಳಗಾಗುವಷ್ಟರಲ್ಲಿ ಮಂಗಲ ಇರಲಿಲ್ಲ. ವ್ರತ ಕಾಯ್ದ ಹುಡುಗಿ ಎಂದು ಹಿರಿಯರು ಹೊಗಳಿದರು. ಜೊತೆಯ ಹುಡುಗಿಯರು ಮಾತು ಬಿಟ್ಟರು. ಮಾತು ಬಿಟ್ಟದ್ದನ್ನು ಅವಳು ಹೇಗೋ ತಡೆದುಕೊಂಡಳು. ಹೊಗಳಿಕೆಯನ್ನು ತಡೆದುಕೊಳ್ಳಲಾಗಲಿಲ್ಲ.

ನಿಪ್ಪಾಣಿಯಲ್ಲಿ ಎಲ್ಲರಿಗೂ ಸುದ್ದಿ ಗೊತ್ತಿತ್ತು. ಗೊತ್ತಿರದೆ ಏನು, ಮಂಗಲಳ ಒಡಹುಟ್ಟಿದ ಅಕ್ಕ ಲಕ್ಷ್ಮಿಬಾಯಿ ಅಲ್ಲೇ ಕೊನೆಯ ವರ್ಷದಲ್ಲಿದ್ದಳು. ಅದು ತಿಳಿದೇ ಜಿನಮತಿ ಬಂದಿದ್ದಳು. ಬೇರೆ ಬೋರ್ಡಿಂಗು ಎಲ್ಲಿಂದ ತರಬೇಕು?

ಸಂಜೆಯ ಪಂಕ್ತಿಯಲ್ಲಿ ಬೋರ್ಡಿಂಗು ನೋಡಿಕೊಳ್ಳುವ ರೆಕ್ಟರ್ ಗೌರಾಬಾಯಿಯವರ ಬಾಯಿ ಸುಮ್ಮನಿರಬೇಕಲ್ಲ! "ಈಕಿನ್ನ ನೋಡ್ರೆವಾ, ನೇಮ ಅಂದ್ರ ನೇಮ. ಇಂಥಾಕಿ ಸಿಗೂದು ಪುಣ್ಯಾ" ಎಂದು ಪರಿಚಯ ಮಾಡಿಸಿದರು. ಸತ್ತವಳ ಅಕ್ಕ ಎದುರಿಗೇ ಕೂತಿದ್ದಾಳೆ ಎಂಬ ಖಬರಾದರೂ ಬೇಡವೇ? ಯಾರೂ ತಲೆ ಎತ್ತಲಿಲ್ಲ. ಜಿನಮತಿ ತಾಟು ಹಿಡಿದು ನಿಂತೇ ಇದ್ದಳು. ನೋಡದ ಆ ಐನಾಪುರದ ವರ ಕಣ್ಣ ಮುಂದೆ ಬಂದ.

"ಇಲ್ಲಿ ಬಾ" ಎಂದಳು ಲಕ್ಷ್ಮಿಬಾಯಿ, ಸರಿದು ಜಾಗ ಮಾಡಿ.

ಜಿನಮತಿಗೆ ಅಳು ಒತ್ತರಿಸಿ ಬಂತು. ರೊಟ್ಟಿ ಮುರಿಯುತ್ತ, ತಪ್ಪಾಯಿತು ಎನ್ನಬೇಕೆಂದು ಬಾಯಿ ತೆರೆದಾಗಲೆಲ್ಲ ಲಕ್ಷ್ಮಿಬಾಯಿ ಪಲ್ಯ ಬಡಿಸಿದಳು. ಹೊತ್ತು ಮುಳುಗಿತು. ರೆಕ್ಟರ್ ಎದ್ದುಹೋದರು, ಹುಡುಗಿಯರು ತಾಟು ತೊಳೆಯಲು ಹೊರಟರು. ಆಗ ಲಕ್ಷ್ಮಿಬಾಯಿ ಒಂದು ತಂಬಿಗೆ ನೀರು ತಂದು ಅವಳ ಮುಂದಿಟ್ಟಳು.

"ಕುಡಿ."

"ಹೊತ್ತು ಮುಳುಗೇತಿ, ಅಕ್ಕಾ."

"ಗೊತ್ತೈತಿ. ಕುಡದ್ರ ನೀ ನನ್ನ ತಂಗಿ. ಇಲ್ಲಂದ್ರ ಮುಂಜಾನಿ ಬಸ್ಸಿಗೆ ಹೋಗು."

ಹುಡುಗಿಯರು ನಿಂತಲ್ಲೇ ನಿಂತರು. ತಿಳಿವಳಿಕೆ ಬಂದಾಗಿನಿಂದ ಆ ಹೊತ್ತಿನಲ್ಲಿ ನೀರು ಮುಟ್ಟದವಳು ತಂಬಿಗೆ ಎತ್ತಿದಳು. ಮೊದಲ ಗುಟುಕನ್ನು ಕಣ್ಣು ಮುಚ್ಚಿ ನುಂಗಿದಳು. ಉಳಿದದ್ದೆಲ್ಲ ಸಲೀಸಾಗಿ ಇಳಿಯಿತು.

ಲಕ್ಷ್ಮಿಬಾಯಿ ಖಾಲಿ ತಂಬಿಗೆಯೊಳಗೆ ಇಣುಕಿ ನೋಡಿದಳು.

"ಕುಡ್ಯಾಕ ಬರತೈತಲ್ಲ" ಎಂದಳು. "ಹಂಗಾರ ಕೊಡಾಕೂ ಬರತಿತ್ತು. ನಡಿ, ನನ್ನ ಖೋಲಿಯೊಳಗ ನಿನ್ನ ಹಾಸಿಗಿ ಹಾಕೇನಿ."