ಗುರುತು ತಪ್ಪಿದ ಸಸಿ

ಕೆಳಗೇ ಇದೆ ಗೆರೆ, ಹದಿನೇಳನೆಯ ಸಾಲಿನಲ್ಲಿ, ನೇರಳೆ ದೀಪದ ಮೇಲೆ ಕಿತ್ತಳೆ ಬಣ್ಣದ ಉಗುರಿನಷ್ಟು ಗೆರೆ, ಸಸಿಯ ಡಿಎನ್ಎಯನ್ನು ಜೆಲ್ಲಿನ ಹಲಗೆಯಲ್ಲಿ ಮೂರನೆಯ ಸಲ ಓಡಿಸಿದರೂ ಕೆಳಗೇ, ಅವಳು ಕನ್ನಡಕ ಒರೆಸಿಕೊಂಡು ನೋಡಿದಳು, ಕನ್ನಡಕದ್ದೇನು ತಪ್ಪು — ಮೇಲಿದ್ದರೆ ಸೊರಗು ರೋಗ ತಡೆದುಕೊಳ್ಳುವ ಟೊಮೆಟೊ, ಕೆಳಗಿದ್ದರೆ ಸಾಯುವ ಟೊಮೆಟೊ, ಆರು ವರ್ಷದ ಓದಿನ ಸಾರ ಇಷ್ಟೇ, ಸಸಿ ಬೆರಳುದ್ದ ಇರುವಾಗಲೇ ಎಲೆಯ ಚೂರು ಅರೆದು ಡಿಎನ್ಎ ತೆಗೆದು ಹಣೆಬರಹ ಓದಿಬಿಡುವುದು, ಆದರೆ ಈ ಹದಿನೇಳನೆಯ ಸಸಿ ಕಿಟಕಿಯಾಚೆ ಗಾಜಿನ ಮನೆಯಲ್ಲಿ, ತುಕ್ಕು ಹಿಡಿದ ಡಬ್ಬದಲ್ಲಿ ನೆಟ್ಟಗೆ ನಿಂತಿದೆ, ಒಂದೆಲೆಯೂ ಜೋತುಬಿದ್ದಿಲ್ಲ. ಕೀಳಬೇಕಾದ ನೂರಿಪ್ಪತ್ತೆರಡು ಸಸಿಗಳ ಪಟ್ಟಿ ಕೊಟ್ಟವಳು ಅವಳೇ, ಸಸಿ ಬೆಳೆಸುವಾಕೆಗೆ, ಎಲ್ಲರೂ ಚಿಕ್ಕಮ್ಮ ಅನ್ನುವ, ಇಲ್ಲಿ ಎಲ್ಲರಿಗಿಂತ ಹಳಬಳಾದ ಆಕೆಗೆ, ಆಕೆ ಕಿತ್ತಳು, ಒಂದನ್ನು ಬಚ್ಚಿಟ್ಟಳು, ತಿಂಗಳಾದ ಮೇಲೆ ತಾನೇ ಬಂದು ಹೇಳಿದಳು, ಬೈಬೇಡಮ್ಮ, ಇದರ ಕಾಂಡ ನೋಡಿ ಕೀಳೋಕೆ ಕೈ ಬರಲಿಲ್ಲ, ನಿಮ್ಮ ಗೆರೆ ಓದೋಕೆ ನಂಗೆ ಬರಲ್ಲ, ಗಿಡ ಓದೋಕೆ ಬರುತ್ತೆ. ಅವಳು ಬೈಯಲಿಲ್ಲ, ನಕ್ಕಳು, ಆ ನಗು ಬೈಗುಳಕ್ಕಿಂತ ಕಡೆ, ಒಂದು ವಾರ ನೋಡ್ತಿರಿ ಚಿಕ್ಕಮ್ಮ ಎಂದು ಸೊರಗು ರೋಗಾಣು ಕಲಸಿದ ನೀರನ್ನು ಆ ಡಬ್ಬಕ್ಕೆ ಎರಡು ಪಾಲು ಹೊಯ್ದಳು, ಪಕ್ಕದ ಕುಂಡಗಳಲ್ಲಿ ಹೋಲಿಸಿ ನೋಡಲು, ಸಾಯಲೆಂದೇ ಇಟ್ಟ ಗಿಡಗಳು ವಾರದೊಳಗೆ ಮಲಗಿದವು, ಇದು ಮೂರು ವಾರವಾದರೂ ಮಲಗಲಿಲ್ಲ — ಗುರುತು, ಈ ಗೆರೆ, ಅಂದ್ರೆ ಮನೆಯಲ್ಲ ಕಣಮ್ಮ, ಮನೆ ಪಕ್ಕದ ಅಂಗಡಿ, ಈ ಕೆಲಸ ಕಲಿಸಿದ ಮೇಷ್ಟ್ರು ಮೊದಲ ದಿನ ಹೇಳಿದ್ದು, ನಾವು ಹುಡುಕೋ ಗುಣ ಮನೇಲಿರುತ್ತೆ, ಅಂಗಡಿ ನೋಡ್ಕೊಂಡು ಹೋಗ್ತೀವಿ ಅಷ್ಟೇ. ಅಂಗಡಿ ಬೀದಿ ಬದಲಿಸಿದರೆ ಎಂದು ಕೇಳಲು ಆಗ ಹೊಳೆಯಲಿಲ್ಲ, ಎರಡೂ ಒಂದೇ ಗೋಡೆಗೆ ಅಂಟಿಕೊಂಡಿವೆಯೆಂದು ಜೀನುಗಳ ನಕ್ಷೆಯಲ್ಲಿ ಚುಕ್ಕಿ ಇಟ್ಟವಳು ಅವಳೇ, ನಡುವೆ ಎಷ್ಟು ಮನೆಗಳಿವೆಯೋ.

ಕೈಗವಸು ಕಳಚಿದಳು, ಓಣಿಯ ಕೊನೆಯ ಕೋಣೆಗೆ ಹೋಗಿ ಮೇಷ್ಟ್ರ ಮುಂದೆ ಗೆರೆಗಳ ಚಿತ್ರ ಇಟ್ಟಳು, ನಾಳೆ ಈ ಗುರುತು ಬೀಜ ಕೇಂದ್ರಗಳಿಗೆಲ್ಲ ಹೋಗಬೇಕು, ಇದನ್ನು ನಂಬಿ ಅವರೂ ಕೀಳುತ್ತಾರೆ, ಮೇಷ್ಟ್ರು ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದರು, ಒಂದು ಗಿಡ ತಾನೇ, ಬಿಟ್ಟುಬಿಡಮ್ಮ ಅಂದರು, ಬೇಡಿಕೊಳ್ಳುವವರಂತೆ, ಸಸಿ ಕಿತ್ತ ದಿನದ ಬಕೆಟ್ಟು, ಬೇರು, ಯಾಕೆ ಈಗ ನೆನಪಾಗಬೇಕು ಅದು, ಒಂದೇ ಅಂತ ಹೇಗೆ ಹೇಳೋದು ಮೇಷ್ಟ್ರೇ, ಉಳಿದವನ್ನ ನಾವು ಬೆಳೆಯೋಕೇ ಬಿಡಲಿಲ್ಲವಲ್ಲ, ತನ್ನ ಬಾಯಲ್ಲಿ ಮಾತಾಡುತ್ತಿರುವುದು ಬೇರೆ ಯಾರೋ ಅನ್ನಿಸಿತು ಅವಳಿಗೆ, ಮೇಷ್ಟ್ರು ಪೆನ್ನಿಗೆ ಮುಚ್ಚಳ ಹಾಕಿದರು, ಸರಿ, ಕಳಿಸೋದು ಬೇಡ, ಮೊದಲಿಂದ ಬೀಜ ಬಿತ್ತು, ಎರಡು ವರ್ಷ ಹಿಡಿಯುತ್ತೆ, ಅಷ್ಟೊತ್ತಿಗೆ ರಿಟೈರಾಗಿ ನಾನಿಲ್ಲಿರಲ್ಲ. ಅಷ್ಟೇ, ಬಾಗಿಲು ತಾನಾಗಿಯೇ ಮುಚ್ಚಿಕೊಂಡಿತು, ಮೆಟ್ಟಿಲು, ಗಾಜಿನ ಮನೆಯ ಸೆಕೆ, ಉಳಿದ ಸಸಿಗಳೆಲ್ಲಿ ಚಿಕ್ಕಮ್ಮ, ಅವತ್ತೇ ಗೊಬ್ಬರದ ಗುಂಡಿಗೆ ಹಾಕಿದ್ನಲ್ಲಮ್ಮ, ನೀವೇ ಪಕ್ಕದಲ್ಲಿ ನಿಂತಿದ್ರಿ, ಹೌದು ನಿಂತಿದ್ದಳು, ನೀಲಿ ಬಕೆಟ್ಟು, ಸಸಿಗಳು ತಲೆಕೆಳಗಾಗಿ, ಮೇಲೆಲ್ಲ ಬೇರು, ಬಿಳಿ ಬೇರು, ಇನ್ನೂ ಒದ್ದೆ, ಚಿಕ್ಕಮ್ಮ ಏನೋ ಕೇಳುತ್ತಿದ್ದಾಳೆ, ಹೊಸ ಬೀಜ ಯಾವತ್ತು ನೆನೆಹಾಕೋದು ಅಂತಿರಬೇಕು, ನಾಳೆ ಅನ್ನಬೇಕು, ಬಿಳಿ ಬೇರು, ತಲೆಕೆಳಗಾಗಿ, ಒದ್ದೆ, ಬಿಳಿ —