ಸೊಟ್ಟ ಸ್ಪ್ಯಾನರ್

ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಕೋಪ. ಜೀವಮಾನವೆಲ್ಲ ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಟ್ಟವಳಿಗೆ ಕೋಪ ಬರದೆ ಇನ್ನೇನು ಬಂದೀತು? ಆದರೆ ಆ ಶುಕ್ರವಾರ ನಮ್ಮವರ ಬಿಳಿ ಪಂಚೆ ನೋಡಿದಾಗ ಬಂದದ್ದು ಮಾಮೂಲಿ ಕೋಪವಲ್ಲ. ಒಗೆದು, ನೀಲಿ ಹಾಕಿ, ಹಿತ್ತಲ ತಂತಿಯ ಮೇಲೆ ಹರವಿದ್ದ ಪಂಚೆ. ಮಧ್ಯಾಹ್ನದ ಹೊತ್ತಿಗೆ ಅದರ ಮೇಲೆಲ್ಲ ಕರಿ ಚುಕ್ಕಿ, ಯಾರೋ ಬೇಕೆಂದೇ ಮಸಿ ಉದುರಿಸಿದ ಹಾಗೆ.

ಮಸಿ ಎಲ್ಲಿಂದ ಬಂತೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಅದು 2006ರ ನವರಾತ್ರಿ ಮುಗಿದ ವಾರ. ಮಲ್ಲೇಶ್ವರದ ಹದಿನಾಲ್ಕನೇ ಕ್ರಾಸಿನಲ್ಲಿ ನಮ್ಮ ಮನೆ, ಹಿತ್ತಲಿಗೆ ಅಂಟಿಕೊಂಡೇ ಶೆಡ್ಡು. ಅದರೊಳಗೆ ಮಗಳು ಮಧುರಾಳ ಎಸ್ಟೀಮ್ ಕಾರು ಬಾನೆಟ್ ಎತ್ತಿಕೊಂಡು ಗುರ್ ಎನ್ನುತ್ತಿತ್ತು. ಅನಿಲ್ ಕುಮಾರ್ ಅದಕ್ಕೆ ಹೊಸದಾಗಿ ಟರ್ಬೊ ಕೂರಿಸಿದ್ದ, ಎಂಜಿನ್ನಿಗೆ ಹೆಚ್ಚು ಗಾಳಿ ತುಂಬಿ ವೇಗ ಕೊಡುವ ಯಂತ್ರ ಅದು. ಅನಿಲನ ಗ್ಯಾರೇಜು ಇರುವುದು ವೈಯಾಲಿಕಾವಲ್‌ನ ಒಂದು ಸಂದಿಯಲ್ಲಿ. ಅಲ್ಲಿ ಎರಡು ಸ್ಕೂಟರ್ ನಿಲ್ಲಿಸಿದರೆ ಮೂರನೆಯದಕ್ಕೆ ಜಾಗವಿಲ್ಲ. ಹಾಗಾಗಿ ಕೆಲಸವೆಲ್ಲ ನಮ್ಮ ಶೆಡ್ಡಿನಲ್ಲೇ. ಅವನು ನನ್ನ ಹಳೆಯ ವಿದ್ಯಾರ್ಥಿ. ಕ್ಲಾಸಿನಲ್ಲಿ ಕಿಟಕಿಯಾಚೆ ಹೋಗುವ ಗಾಡಿಗಳ ಸದ್ದು ಕೇಳಿ ಹೆಸರು ಹೇಳುತ್ತಿದ್ದವನು ಗ್ಯಾರೇಜ್ ಇಟ್ಟಿದ್ದರಲ್ಲಿ ನನಗೇನೂ ಆಶ್ಚರ್ಯವಾಗಿರಲಿಲ್ಲ.

ಮಧುರಾ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಮಾಡುತ್ತಾಳೆ, ಭಾನುವಾರ ಬಂತೆಂದರೆ ಊರಾಚೆಯ ಮೈದಾನಗಳಲ್ಲಿ ನಡೆಯುವ ಕಾರು ಪಂದ್ಯಗಳಿಗೆ ಓಡುತ್ತಾಳೆ. ಹಿಂದಿನ ವರ್ಷ ಇಂಥದ್ದೇ ಪಂದ್ಯದಲ್ಲಿ ಎಂಜಿನ್ನಿಗೆ ಪೆಟ್ರೋಲ್ ಸಾಲದೆ, ಗಾಳಿ ಜಾಸ್ತಿಯಾಗಿ, ಒಳಗೆ ಕಾವು ಏರಿ ಪಿಸ್ಟನ್ನೇ ಕರಗಿಹೋಗಿತ್ತು. ಹಾಗೆ ಗಾಳಿ ಹೆಚ್ಚಾಗುವುದಕ್ಕೆ ಇವರು ‘ಲೀನ್’ ಅನ್ನುತ್ತಾರೆ. ಬಿಸಿ ಪೈಪಿನ ಮೇಲೆ ಆಯಿಲ್ ಸುರಿದು ಬೆಂಕಿ ಹತ್ತಿ, ಬಾನೆಟ್ ಎತ್ತಲು ಹೋದ ನನ್ನ ಮಗಳ ಬಲಗೈ ಮಣಿಕಟ್ಟಿನಿಂದ ಮೊಣಕೈವರೆಗೂ ಸುಟ್ಟಿತು. ಆಸ್ಪತ್ರೆಯಲ್ಲಿ ಬ್ಯಾಂಡೇಜು ಬಿಚ್ಚುವಾಗ ನಮ್ಮವರು ಒಳಗೆ ಬರಲೇ ಇಲ್ಲ. ಆಚೆ ಬೆಂಚಿನ ಮೇಲೆ ಕೂತೇ ಇದ್ದರು.

ನಮ್ಮವರೆಂದರೆ ರಾಮಾನುಜ, ಅಂಚೆ ಇಲಾಖೆಯಿಂದ ರಿಟೈರಾದವರು. ಎತ್ತರದ ದನಿಯಲ್ಲಿ ಮಾತಾಡಿದ್ದನ್ನು ನಾನು ಕಂಡಿಲ್ಲ, ಆ ಕೆಲಸವನ್ನು ನನಗೆ ಬಿಟ್ಟುಕೊಟ್ಟಿದ್ದಾರೆ. ಈ ಸಲ ಮಗಳು ಮತ್ತೆ ಪಂದ್ಯದ ಮಾತೆತ್ತಿದಾಗ ಅವರು ಬೇಡವೆನ್ನಲಿಲ್ಲ. ಒಂದೇ ಒಂದು ಮಾತು ಹೇಳಿದರು.

“ಗಾಳಿ ಎಷ್ಟು, ಪೆಟ್ರೋಲ್ ಎಷ್ಟು ಅಂತ ತೋರ್ಸೋ ಮೀಟರ್ ಒಂದಿದೆಯಂತಲ್ಲ, ಅದನ್ನ ಹಾಕ್ಸು. ಅದು ಸರಿ ತೋರ್ಸಿದ್ರೆ ಹೋಗು. ಇಲ್ದಿದ್ರೆ ಕಾರು ಶೆಡ್ ಬಿಟ್ಟು ಹೋಗ್ಬಾರ್ದು.”

“ಆಯ್ತಪ್ಪಾ. ಸರಿ ತೋರ್ಸದೆ ಇದ್ರೆ ಈ ಭಾನುವಾರ ಅಂತಲ್ಲ, ಪೂರ್ತಿ ಬಿಟ್ಬಿಡ್ತೀನಿ,” ಎಂದಳು ಮಧುರಾ. ಅವಳು ಅಪ್ಪನಿಗೆ ಕೊಟ್ಟ ಮಾತು ತಪ್ಪುವವಳಲ್ಲ. ಅದೇ ನನಗೆ ಭಯ.

ಈಗ ನೋಡಿದರೆ ಆ ಮೀಟರೇ ಹಟ ಹಿಡಿದು ಕೂತಿತ್ತು. ಒಂದು ಪಾಲು ಪೆಟ್ರೋಲು ಉರಿಯಲು ಹದಿನಾಲ್ಕೂ ಮುಕ್ಕಾಲು ಪಾಲಿನಷ್ಟು ಗಾಳಿ ಬೇಕು, ಅದು ಲೆಕ್ಕ. ಕಾರು ನಿಂತಲ್ಲೇ ಸುಮ್ಮನೆ ಓಡುವಾಗ ಮೀಟರು ಹದಿನೇಳು, ಹದಿನೆಂಟು ಎಂದು ತೋರಿಸುತ್ತಿತ್ತು. ಆಕ್ಸಿಲರೇಟರ್ ಒತ್ತಿದರೆ ಇಳಿಯುತ್ತಿತ್ತು, ಕಾಲು ತೆಗೆದರೆ ಮತ್ತೆ ಏರುತ್ತಿತ್ತು. ಎಲ್ಲೋ ಕಳ್ಳಗಾಳಿ ಒಳಗೆ ನುಗ್ಗುತ್ತಿದೆ ಎಂದುಕೊಂಡು ಅನಿಲ ಎಂಜಿನ್ನಿಗೆ ಗಾಳಿ ಹೋಗುವ ದಾರಿಯನ್ನೆಲ್ಲ ಜಾಲಾಡಿದ. ರಬ್ಬರ್ ಪೈಪುಗಳನ್ನು ಒಂದೊಂದಾಗಿ ಚಿವುಟಿ ನೋಡಿದ, ಕ್ಲಿಪ್ಪುಗಳನ್ನು ಬದಲಾಯಿಸಿದ, ಟರ್ಬೊ ಜೊತೆ ಬಂದ ವಾಲ್ವು ಸೋರುತ್ತಿರಬಹುದೆಂದು ಅದನ್ನು ಕಳಚಿ ಬಾಯಿ ಮುಚ್ಚಿದ. ಮೀಟರು ಜಪ್ಪಯ್ಯ ಎನ್ನಲಿಲ್ಲ. ಕೊನೆಗೆ ಲ್ಯಾಪ್‌ಟಾಪ್ ಸಿಕ್ಕಿಸಿ ಪೆಟ್ರೋಲು ಹೆಚ್ಚಿಸುತ್ತಾ ಹೋದ. ದಿನಾ ಇಷ್ಟಿಷ್ಟು. ಆದರೂ ಹದಿನೇಳು.

ಆ ಶುಕ್ರವಾರ ನಾನು ಪಂಚೆ ಹಿಡಿದುಕೊಂಡೇ ಶೆಡ್ಡಿಗೆ ಹೋದೆ.

“ಏನೋ ಇದು? ನೋಡಿಲ್ಲಿ. ನಾನೇನು ನಿನ್ನ ಗಾಡಿಗೆ ಒಗೆದು ಕೊಡೋಕೆ ಇರೋದಾ?”

ಅನಿಲ ಕಾರಿನಡಿಯಿಂದ ತಲೆ ಆಚೆ ಹಾಕಿದ. ಸರಿಯಾಗಿ ಊಟ ಮಾಡಿ ಎಷ್ಟು ದಿನವಾಗಿತ್ತೋ. “ಸಾರಿ ಮೇಡಂ. ಸೈಲೆನ್ಸರ್ ಪೈಪ್ ತಂತಿ ಕಡೆಗಿದೆ ಅನ್ನೋದೇ ಮರ್ತ್‌ಹೋಯ್ತು.”

“ಅಮ್ಮಾ, ಈಗ್ಲೇ ಬೇಡ ಪ್ಲೀಸ್,” ಎಂದಳು ಸ್ಟೀರಿಂಗ್ ಹಿಂದೆ ಕೂತಿದ್ದ ಮಧುರಾ. ಮುಖ ಬಾಡಿತ್ತು. “ನಾಳೆ ಪಂದ್ಯದವರು ಗಾಡಿ ಚೆಕ್ ಮಾಡ್ತಾರೆ, ನಾಡಿದ್ದು ಪಂದ್ಯ. ಇದು ಇಳೀತಾನೇ ಇಲ್ಲ.”

“ಏನು ಹೇಳತ್ತೆ ನಿನ್ನ ಮೀಟರು?”

“ಪೆಟ್ರೋಲ್ ಸಾಲ್ತಿಲ್ಲ ಅಂತ.”

“ಪೆಟ್ರೋಲ್ ಸಾಲದೆ ಇದ್ರೆ ಮಸಿ ಎಲ್ಲಿಂದ ಬರತ್ತೆ?” ಎಂದು ಪಂಚೆಯನ್ನು ಇಬ್ಬರ ಮುಂದೂ ಹಿಡಿದೆ. “ಗಾಳಿ ಜಾಸ್ತಿ ಇದ್ರೆ ಚೆನ್ನಾಗಿ ಉರೀಬೇಕಲ್ಲ. ಮಸಿ ಬರೋದು ಉರಿಯೋಕೆ ಗಾಳಿ ಸಾಲದೆ ಇದ್ದಾಗ. ಬೇಸಿಕ್ಸು. ನಿನಗೆ ನಾನೇ ಪಾಠ ಮಾಡಿದೀನಿ, ಅನಿಲ. ನೀನು ಆಗ್ಲೂ ಕೇಳಿಸಿಕೊಳ್ಳಲಿಲ್ಲ.”

ಅವನು ಎದ್ದು ಎಂಜಿನ್ ನಿಲ್ಲಿಸಿ, ಒಂದು ಸ್ಪಾರ್ಕ್ ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿದ. ಪ್ಲಗ್ಗು ಕಾಡಿಗೆಯ ಹಾಗೆ ಕಪ್ಪಗಿತ್ತು. ಅನಿಲ ಅದನ್ನು ನೋಡುತ್ತಾ ನಿಂತ, ನೋಡುತ್ತಾ ನೋಡುತ್ತಾ ಹಣೆ ಚಚ್ಚಿಕೊಂಡ.

“ಮೇಡಂ, ಈ ಮೀಟರಿನ ಸೆನ್ಸರ್ ಪೆಟ್ರೋಲ್‌ನ ಅಳೆಯಲ್ಲ. ಸೈಲೆನ್ಸರ್ ಪೈಪೊಳಗೆ ಆಕ್ಸಿಜನ್ ಎಷ್ಟಿದೆ ಅಂತ ಮಾತ್ರ ನೋಡತ್ತೆ.”

“ಹೂಂ. ಆ ಆಕ್ಸಿಜನ್ ಎಂಜಿನ್ನಿಂದಾನೇ ಬರ್ಬೇಕು ಅಂತೇನಿಲ್ವಲ್ಲ?” ಎಂದೆ.

“ಇಲ್ಲ. ಸೆನ್ಸರ್‌ಗೆ ಮುಂಚೆ ಪೈಪ್ ಎಲ್ಲಾದ್ರೂ ಬಾಯಿ ಬಿಟ್ಟಿದ್ರೆ ಹೊರಗಿನ ಗಾಳೀನ ಎಳ್ಕೊಳತ್ತೆ. ಹೊಗೆ ಕಮ್ಮಿ ಇದ್ದಾಗ, ಅಂದ್ರೆ ನಿಂತಲ್ಲೇ ಓಡೋವಾಗ, ಅದು ಎದ್ದು ಕಾಣತ್ತೆ. ನಾನು ವಾರದಿಂದ ಗಾಳಿ ಒಳಗೆ ಹೋಗೋ ಕಡೆ ಹುಡುಕ್ತಿದೀನಿ, ಹೊಗೆ ಆಚೆ ಬರೋ ಕಡೆ ನೋಡೇ ಇಲ್ಲ.”

ನಾನು ಒಳಗೆ ಹೋಗಿ ದೇವರಮನೆಯಿಂದ ಊದುಬತ್ತಿ ಕಟ್ಟು ತಂದೆ. ಹಾಲಿನಲ್ಲಿ ಪೇಪರ್ ಓದುತ್ತಾ ಕೂತಿದ್ದ ನಮ್ಮವರು ತಲೆಯೆತ್ತಿ ನೋಡಿದರು. ಮತ್ತೆ ಪೇಪರಿನಲ್ಲಿ ಮುಖ ಹುದುಗಿಸಿದರು. ಆ ವಾರವೆಲ್ಲ ಅವರು ಹೀಗೆಯೇ. ಬೆಳಿಗ್ಗೆ ದೇವರಮನೆ ಸೇರಿದರೆ ತಿಂಡಿ ಆರಿ ಅಕ್ಕಿಯಾದರೂ ಈಚೆ ಬರುತ್ತಿರಲಿಲ್ಲ. ಕರೆದು ಕರೆದು ನನ್ನ ಗಂಟಲು ಬಿದ್ದುಹೋಗಿತ್ತು.

ತಣ್ಣಗಾದ ಎಂಜಿನ್ನನ್ನು ಮತ್ತೆ ಚಾಲೂ ಮಾಡಿದರು. ಅನಿಲ ಊದುಬತ್ತಿ ಹಿಡಿದು ಟರ್ಬೊದ ಕೆಳಗೆ ಕೈ ತೂರಿಸಿದ, ಅಲ್ಲಿ ಸೈಲೆನ್ಸರ್ ಪೈಪ್ ಬಂದು ಸೇರುತ್ತದೆ. ಹೊಗೆ ನೆಟ್ಟಗೆ ಮೇಲೇಳುತ್ತಿತ್ತು. ಕೈಯನ್ನು ಇನ್ನೂ ಸ್ವಲ್ಪ ಕೆಳಕ್ಕೆ ಸರಿಸಿದ್ದೇ ತಡ, ಹೊಗೆ ಪಕ್ಕಕ್ಕೆ ಬಾಗಿ, ಪುಸುಕ್ ಪುಸುಕ್ ಎಂದು ಜಾಯಿಂಟಿನೊಳಗೆ ಸೇರತೊಡಗಿತು. ನಾನೂ ಅನಿಲನೂ ಇನ್ನಷ್ಟು ಬಗ್ಗಿ ನೋಡಿದೆವು. ಸುಳ್ಳೇಕೆ ಹೇಳಲಿ, ನನಗೆ ಕುಣಿಯುವಷ್ಟು ಖುಷಿಯಾಯಿತು.

“ಕೆಳಗಿನ ಬೋಲ್ಟು,” ಎಂದ ಅನಿಲ. ಮರುಕ್ಷಣವೇ ಅವನ ಮುಖ ಪೆಚ್ಚಾಯಿತು. “ಥೂ, ಅದಕ್ಕೆ ಹಾಕೋ ಸ್ಪ್ಯಾನರ್ ಕಳ್ದೇ ಹೋಗಿದೆ.”

ಟರ್ಬೊ ಕೂರಿಸಿ ಮುಗಿದದ್ದು ಆಯುಧಪೂಜೆಯ ಬೆಳಿಗ್ಗೆ. ಪೂಜೆಗೆ ಮುಂಚೆ ಎಂದು ಎಂಜಿನ್ ಚಾಲೂ ಮಾಡಿ, ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸಿದ್ದರು. ಜಾಯಿಂಟಿನ ಸಂದಿ ಮುಚ್ಚುವ ಹೊಸ ಗ್ಯಾಸ್ಕೆಟ್ಟು ಕಾವಿಗೆ ಕುಗ್ಗುತ್ತದೆ, ಆರಿದ ಮೇಲೆ ಬೋಲ್ಟುಗಳನ್ನೆಲ್ಲ ಇನ್ನೊಮ್ಮೆ ಬಿಗಿ ಮಾಡಬೇಕು. ಆದರೆ ಅದು ಆರುವ ಹೊತ್ತಿಗೆ ನಮ್ಮವರು ಸ್ಪ್ಯಾನರುಗಳನ್ನೆಲ್ಲ ಗೊಂಬೆ ಕೂರಿಸಿದ ಮೆಟ್ಟಿಲ ಕೆಳಗೆ ಮಣೆಯ ಮೇಲೆ ಜೋಡಿಸಿ, ಕುಂಕುಮ ಹಚ್ಚಿ, ಸೇವಂತಿಗೆ ಇಟ್ಟು ಮಂಗಳಾರತಿ ಮಾಡಿಬಿಟ್ಟಿದ್ದರು. ಪೂಜೆಗಿಟ್ಟ ಆಯುಧವನ್ನು ಅವತ್ತು ಮುಟ್ಟುವ ಹಾಗಿಲ್ಲ. ಅನಿಲನಿಗೂ ಅದು ಗೊತ್ತು. ಮುಟ್ಟಿದನೆಂದು ಅವನ ತಾಯಿ ಲಕ್ಷ್ಮೀದೇವಮ್ಮನವರ ಕಿವಿಗೆ ಬಿದ್ದರೆ ಅವನ ಗತಿ ಅಷ್ಟೇ. ಮಾರನೆಯ ದಿನ ಸ್ಪ್ಯಾನರುಗಳನ್ನು ಎತ್ತಿಕೊಂಡು ಮೇಲಿನ ಬೋಲ್ಟುಗಳನ್ನು ಬಿಗಿ ಮಾಡಿದ. ಕೆಳಗಿನದಕ್ಕೆ ನೇರ ಸ್ಪ್ಯಾನರ್ ಹೋಗುವುದಿಲ್ಲ. ಅದಕ್ಕೆಂದೇ ಒಂದನ್ನು ಕಾಯಿಸಿ, ಬಗ್ಗಿಸಿ, ತಲೆಯನ್ನು ಉಜ್ಜಿ ತೆಳ್ಳಗೆ ಮಾಡಿಟ್ಟುಕೊಂಡಿದ್ದ. ಅದೊಂದೇ ಸಿಕ್ಕಲಿಲ್ಲ. ಆಮೇಲೆ ಮಾಡಿದರಾಯಿತೆಂದು ಬಿಟ್ಟ. ಅಷ್ಟರಲ್ಲಿ ಮೀಟರಿನ ಕಾಟ ಶುರುವಾಗಿ ಬೋಲ್ಟಿನ ನೆನಪು ಯಾರಿಗೂ ಉಳಿಯಲಿಲ್ಲ.

“ಇನ್ನೊಂದು ಮಾಡೋಕಾಗಲ್ವಾ?” ಎಂದಳು ಮಧುರಾ.

“ಕಾಯ್ಸಿ ಬಗ್ಸಿಕೊಡೋ ಪುಟ್ಟಯ್ಯ ಹಬ್ಬಕ್ಕೆ ಊರಿಗೆ ಹೋಗಿದಾನೆ. ಸೋಮವಾರ ಬರ್ತಾನೆ. ಟರ್ಬೊ ಇಳಿಸಿ ಮತ್ತೆ ಕೂರ್ಸೋಕೆ ಎರಡು ದಿನ ಬೇಕು.” ಅನಿಲ ನನ್ನ ಕಡೆ ನೋಡದೆ ಹೇಳಿದ. “ಸೊಟ್ಟಗಿರೋ ಸ್ಪ್ಯಾನರ್, ಮೇಡಂ. ಕುಡುಗೋಲಿನ ಹಾಗಿರತ್ತೆ. ಮನೇಲೆಲ್ಲಾದ್ರೂ ನೋಡಿದೀರಾ?”

ನಾನು ನೋಡಿರಲಿಲ್ಲ. ಗೊಂಬೆಗಳ ಪೆಟ್ಟಿಗೆಯಲ್ಲಿ ಸೇರಿಹೋಯಿತೇನೋ ಎನ್ನಲು ತಿರುಗಿದೆ. ಹಿತ್ತಲ ಬಾಗಿಲಲ್ಲಿ ನಮ್ಮವರು ನಿಂತಿದ್ದರು.

ಯಾವಾಗ ಎದ್ದು ಬಂದರೋ. ಕೈಯಲ್ಲಿದ್ದ ಪೇಪರನ್ನು ಮಡಿಸಿದ್ದರು, ಅದನ್ನೇ ಇನ್ನೊಮ್ಮೆ ಮಡಿಸಿದರು, ಮತ್ತೊಮ್ಮೆ ಮಡಿಸಿದರು. ಅವರ ಕಣ್ಣು ಕಾರಿನ ಮೇಲೂ ಇರಲಿಲ್ಲ, ಅನಿಲನ ಮೇಲೂ ಇರಲಿಲ್ಲ. ಸ್ಟೀರಿಂಗ್ ಮೇಲಿದ್ದ ಮಗಳ ಬಲಗೈಯನ್ನು ನೋಡುತ್ತಿದ್ದರು. ಸುಟ್ಟ ಕಡೆ ಚರ್ಮ ಇನ್ನೂ ಮಿರಮಿರ ಎನ್ನುತ್ತಿತ್ತು. ಇಷ್ಟು ವರ್ಷ ಒಟ್ಟಿಗೆ ಬಾಳಿದವಳಿಗೆ ಅಷ್ಟು ಸಾಕು. ಸ್ಪ್ಯಾನರ್ ಎಲ್ಲಿದೆಯೆಂದು ಇವರಿಗೆ ಗೊತ್ತಿದೆ ಎಂದು ನನಗೆ ಆ ಗಳಿಗೆಯಲ್ಲೇ ಗೊತ್ತಾಯಿತು. ಇವರು ಸುಮ್ಮನಿದ್ದರೆ ಮೀಟರು ಇಳಿಯುವುದಿಲ್ಲ, ಮಗಳು ಹೋಗುವುದಿಲ್ಲ, ಇನ್ನೆಂದೂ ಹೋಗುವುದಿಲ್ಲ ಎನ್ನುವುದೂ ಹೊಳೆಯಿತು. ಇವರು ಯಾರಿಗೂ ಸುಳ್ಳು ಹೇಳಬೇಕಾಗಿರಲಿಲ್ಲ. ಬಾಯಿ ಮುಚ್ಚಿಕೊಂಡು ಹೋಗಿ ಮತ್ತೆ ಪೇಪರ್ ಬಿಡಿಸಿದ್ದರೆ ಸಾಕಿತ್ತು.

ನನ್ನ ನಾಲಿಗೆ ತುದಿಗೆ ಬಂದ ಮಾತನ್ನು ನುಂಗಿಕೊಂಡೆ. ಹುಟ್ಟಿದ ಮೇಲೆ ಇಂಥ ಕೆಲಸ ನಾನು ಎಷ್ಟು ಸಲ ಮಾಡಿದ್ದೇನೋ, ಬೆರಳಲ್ಲಿ ಎಣಿಸಬಹುದು. ಯಾಕೆಂದರೆ, ನಿಜ ಹೇಳುತ್ತೇನೆ, ಅವರು ಸುಮ್ಮನಿದ್ದುಬಿಡಲಿ ಎಂದು ನನಗೂ ಅನ್ನಿಸಿತ್ತು.

ಅವರು ಒಳಗೆ ಹೋದರು. ದೇವರಮನೆಯ ಬಾಗಿಲ ಗಂಟೆ ಕಿಣಿ ಎಂದಿತು. ವಾಪಸ್ಸು ಬಂದಾಗ ಕೈಯಲ್ಲಿ ಸ್ಪ್ಯಾನರ್ ಇತ್ತು. ಅದರ ತುಂಬ ದಿನದಿನದ ಕುಂಕುಮ ಪದರ ಪದರವಾಗಿ ಕೂತಿತ್ತು, ಬಾಗಿದ ಕಡೆ ಒಣಗಿದ ತುಳಸಿ ಎಸಳು ಸಿಕ್ಕಿಕೊಂಡಿತ್ತು.

“ನರಸಿಂಹನ ಪಟದ ಹಿಂದೆ ಇಟ್ಟಿದ್ದೆ,” ಎಂದರು. “ಇವಳು ಭಾನುವಾರ ಮನೆಗೆ ಬರೋ ತನಕ ಪೂಜೆ ನಡೀಲಿ ಅಂತ. ಕೆಲಸಕ್ಕೆ ಬರೋದನ್ನ ತೆಗೆದಿಟ್ರೆ ನಿಮಗೆ ತೊಂದ್ರೆ ಆಗತ್ತೆ ಅಂತ ಹುಡುಕಿ ಹುಡುಕಿ ಇದನ್ನ ತಗೊಂಡೆ. ಸೊಟ್ಟಗಿದೆ, ಯಾರಿಗೂ ಬೇಡದ್ದು ಅಂದ್ಕೊಂಡೆ.”

ಅನಿಲ ಕೈ ಚಾಚಿದ. ನಮ್ಮವರು ಅವನಿಗೆ ಕೊಡಲಿಲ್ಲ. ಕಾರಿನ ಬಾಗಿಲು ತೆಗೆದು ಮಗಳ ಕೈಗೆ ಕೊಟ್ಟರು. “ನೀನೇ ಬಿಗಿ ಮಾಡು,” ಎಂದರು.

ಮಧುರಾ ಎಂಜಿನ್ ನಿಲ್ಲಿಸಿ, ಪೈಪ್ ಆರಿದ ಮೇಲೆ ಕಾರಿನಡಿಗೆ ಹೋದಳು. ಅನಿಲ ಟಾರ್ಚ್ ಹಿಡಿದ. ಬೋಲ್ಟು ಮುಕ್ಕಾಲು ಸುತ್ತು ತಿರುಗಿತಂತೆ. ಎಂಜಿನ್ ಚಾಲೂ ಮಾಡಿದಾಗ ಮೀಟರು ಹದಿನೇಳರಿಂದ ಧೊಪ್ಪನೆ ಬಿದ್ದು ಹನ್ನೊಂದಕ್ಕೆ ಬಂತು. ಪಾಪ, ವಾರದಿಂದ ಅದಕ್ಕೆ ಕುಡಿಸಿದ್ದ ಪೆಟ್ರೋಲೆಲ್ಲ ಈಗ ಲೆಕ್ಕಕ್ಕೆ ಸಿಕ್ಕಿತ್ತು. ಅನಿಲ ಲ್ಯಾಪ್‌ಟಾಪಿನಲ್ಲಿ ಹೆಚ್ಚಿಸಿದ್ದನ್ನು ಒಂದೊಂದಾಗಿ ಇಳಿಸಿದ. ಹನ್ನೆರಡಾಯಿತು, ಹದಿಮೂರಾಯಿತು. ಹದಿನಾಲ್ಕೂ ಮುಕ್ಕಾಲಿಗೆ ಬಂದು ಅಲ್ಲೇ ನಿಂತಿತು. ಕಪ್ಪು ಹೊಗೆಯೂ ನಿಂತಿತು.

“ಸರಿ ತೋರಿಸ್ತಿದೆಯಾ?” ಎಂದು ನಮ್ಮವರು ಬಗ್ಗಿ ನೋಡಿದರು.

“ತೋರಿಸ್ತಿದೆ ಅಪ್ಪ.”

“ಹಾಗಾದ್ರೆ ಹೋಗು.”

ಮಧುರಾ ಕೆಳಗಿಳಿದು, ದುಪಟ್ಟಾದ ಅಂಚಿನಲ್ಲಿ ಗ್ರೀಸು ಒರೆಸಿ ಸ್ಪ್ಯಾನರನ್ನು ಅಪ್ಪನ ಮುಂದೆ ಹಿಡಿದಳು. “ಮತ್ತೆ ಒಳಗಿಟ್ಬಿಡಿ ಅಪ್ಪ. ಭಾನುವಾರದ ತನಕ.”

“ಬೇಡ. ಕಾರಲ್ಲೇ ಇಟ್ಕೋ,” ಎಂದರು. “ಅಲ್ಲಿ ಬೋಲ್ಟ್ ಸಡಿಲ ಆದ್ರೆ ಇಲ್ಲೀತನಕ ಬಂದು ಪಟದ ಹಿಂದೆ ಹುಡುಕ್ತೀಯಾ?”

ಮಾತು ಮುಗಿಸಿ ಒಳಗೆ ಹೋದರು. ನಾನು ಮಸಿಯಾದ ಪಂಚೆಯನ್ನು ಬಕೆಟ್ಟಿಗೆ ಹಾಕಿ ಹಿಂದೆಯೇ ಹೋದೆ. ಅವರು ದೇವರಮನೆಯಲ್ಲಿ ಪಟದ ಹಿಂದಿನ ಖಾಲಿ ಜಾಗವನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರು. ನಾನು ಆ ಬಟ್ಟೆಯನ್ನು ಅವರ ಕೈಯಿಂದ ತೆಗೆದುಕೊಂಡು ಒರೆಸಿದೆ. ಭಾನುವಾರ ನಾವು ಎಷ್ಟು ಹೊತ್ತಿಗೆ ಹೊರಡಬೇಕೆಂದು ಕೇಳಿದರು. ಐದಕ್ಕೆ, ನೀವು ಮುಂದಿನ ಸೀಟಿನಲ್ಲಿ ಕೂತುಕೊಳ್ಳಿ ಎಂದೆ.